ಕಾಜಮ್ಮನ ಹೊಸ ರಕ್ತ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವಳು ಕಾಜಮ್ಮ. ಬಟ್ಟೆ ಹೊಲಿಯುವವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಗುಂಡಿ ತೂರಿಸುವ ಕಾಜವನ್ನು ಮಷಿನ್ನಿಗೆ ಬಿಡದೆ ಕೈಯಲ್ಲೇ ಹೊಲಿಯುತ್ತೇನೆಂದು ಹಟ ಹಿಡಿದವಳು ಮಾತ್ರ ಅವಳೊಬ್ಬಳೇ. ಬಟ್ಟೆ ಹರಿದು ಚಿಂದಿಯಾದರೂ ಅವಳು ಹೊಲಿದ ಕಾಜ ಜಗ್ಗುತ್ತಿರಲಿಲ್ಲ.

ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಿರಿದಾದ ಮರದ ಮೆಟ್ಟಿಲು. ಅಂಗಡಿಯ ಕಿಟಕಿಯ ಪಕ್ಕದಲ್ಲಿ ಕಾಲಿನಿಂದ ತುಳಿಯುವ ಹಳೆಯ ಹೊಲಿಗೆ ಮಷಿನ್ನು. ಬೆಳಕು ಎಡಗಡೆಯಿಂದಲೇ ಬೀಳಬೇಕು ಎಂದು ಅವಳು ಅದನ್ನು ಅಲ್ಲಿಂದ ಅಲ್ಲಾಡಿಸಲು ಬಿಟ್ಟಿರಲಿಲ್ಲ. ಕತ್ತರಿಸುವ ಮೇಜಿನ ಅಂಚಿಗೆ ಸದಾ ಸೀಮೆಸುಣ್ಣದ ಪುಡಿ. ಅದಕ್ಕೆ ಒರಗಿ ನಿಂತವರ ಬಟ್ಟೆಗೆಲ್ಲ ಒಂದು ಬಿಳಿ ಗೆರೆ. ಹೊಸಬರು ಯಾರು, ಹಳಬರು ಯಾರು ಎಂದು ಆ ಗೆರೆ ನೋಡಿಯೇ ಹೇಳಬಹುದಿತ್ತು.

ಅವಳ ಗಂಡ ಬಸ್ ಕಂಡಕ್ಟರ್. ನಿವೃತ್ತನಾದ ಮೇಲೂ ಬೀದಿಯವರು ಅವನನ್ನು ಕಂಡಕ್ಟರ್ ಎಂದೇ ಕರೆಯುತ್ತಿದ್ದರು. ಜೀವಮಾನವಿಡೀ ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಅವನು ಗುಟ್ಟು ಹೇಳಿದರೂ ಎದುರು ಮನೆಯವರು ಅದಕ್ಕೆ ಉತ್ತರ ಕೊಡುತ್ತಿದ್ದರು. ಈಗ ಅವನು ಹೆಂಡತಿಯ ಅಂಗಡಿಯಲ್ಲಿ ಪುಕ್ಕಟೆ ನೌಕರ. ಗುಂಡಿ ಹಚ್ಚುವುದು, ಇಸ್ತ್ರಿ ಮಾಡುವುದು, ಸಂಜೆ ಬಟ್ಟೆಚೂರು ಗುಡಿಸುವುದು, ಬಂದವರನ್ನು ಮಾತಲ್ಲಿ ಕೂರಿಸುವುದು ಅವನ ಪಾಲಿನ ಕೆಲಸ.

ಅವನಿಗೆ ಮೊದಲು ಗೊತ್ತಾದದ್ದು ಉಪ್ಪಿನಿಂದ. ಕಾಜಮ್ಮ ಅಡುಗೆಯಲ್ಲೂ ಅಳತೆ ತಪ್ಪದವಳು. ಅಂಥವಳು ಬೇಯಿಸಿದ ತರಕಾರಿಯಲ್ಲಿ ಒಂದು ದಿನ ಉಪ್ಪು ಕೈಮೀರಿತ್ತು. ಕಂಡಕ್ಟರ್ ಒಂದು ಲೋಟ ನೀರು ಹೆಚ್ಚಿಗೆ ಕುಡಿದು ಸುಮ್ಮನಾದ. ಮರುದಿನ ಇನ್ನೂ ಹೆಚ್ಚಿತ್ತು.

"ನನಗ್ಯಾಕೋ ಸಪ್ಪೆ ಅನ್ನಿಸ್ತಿದೆ. ನಿಮಗೆ?" ಎಂದಳು ಅವಳು.

"ಹದವಾಗಿದೆ ಕಣೇ."

ಅವಳು ನಂಬದೆ ಇನ್ನೊಂದು ಚಿಟಿಕೆ ಉದುರಿಸಿಕೊಂಡಳು. ಅವನು ಏನಾದರೂ ಅನ್ನಬಹುದಿತ್ತು. ಆದರೆ ಇತ್ತೀಚೆಗೆ ಅವಳಿಗೆ ಸಣ್ಣ ಮಾತಿಗೂ ಕಣ್ಣು ತುಂಬಿಬರುತ್ತಿತ್ತು. ಹೆಂಡತಿಯ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದೆಂದರೆ ಇದೇ ಇರಬೇಕು ಎಂದುಕೊಂಡು ಅವನು ತುತ್ತಿನ ಮೇಲೆ ತುತ್ತು ನುಂಗಿದ. ತಿಂಗಳುಗಟ್ಟಲೆ ನುಂಗಿದ.

ಆಮೇಲೆ ಮೆಟ್ಟಿಲು. ಅಂಗಡಿಯಿಂದ ಮನೆಗೆ ಹತ್ತುವಾಗ ಅವಳು ನಡುವೆ ನಿಲ್ಲತೊಡಗಿದಳು. ಕೇಳಿದರೆ ಕೂದಲು ಸರಿಮಾಡಿಕೊಳ್ಳುತ್ತಿದ್ದೇನೆ ಎನ್ನುವಳು. ಅಷ್ಟೊಂದು ಸಲ ಸರಿಮಾಡಿಕೊಳ್ಳುವಷ್ಟು ಕೂದಲು ಅವಳಿಗಿರಲಿಲ್ಲ. ಮುಖ ಕೋರಾ ಬಟ್ಟೆಯ ಮಾಸಲು ಬಿಳಿಗೆ ತಿರುಗಿತ್ತು. ಕಣ್ಣಿನ ಬಿಳಿಯಲ್ಲೂ ತೆಳುವಾಗಿ ಹಳದಿ. ಬೀದಿಯ ಕೊನೆಯ ಕ್ಲಿನಿಕ್ಕಿನಲ್ಲಿ ತೋರಿಸಿದ್ದಕ್ಕೆ, "ರಕ್ತ ಕಮ್ಮಿ ಇದೆ, ವಯಸ್ಸಾಯ್ತಲ್ಲ" ಎಂದು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಡಬ್ಬಿ ಖಾಲಿಯಾಯಿತು, ಮುಖದ ಬಣ್ಣ ಬದಲಾಗಲಿಲ್ಲ.

ಹಿಂದಿನ ಬೀದಿಯ ಮೇಷ್ಟ್ರು ಒಬ್ಬರು ಹೊಲಿಯಲು ಕೊಟ್ಟ ಕೋಟನ್ನು ಒಂದು ದಿನ ವಾಪಸ್ಸು ತಂದರು. ಮೇಜಿನ ಮೇಲೆ ಹರಡಿ, ಸಂಕೋಚದಿಂದ ಹೇಳಿದರು: "ಕಾಜಮ್ಮ, ಎರಡೂ ತೋಳು ಎಡಗೈಯದೇ ಇದ್ದ ಹಾಗಿದೆ."

ಹಳೆಯ ಕಾಜಮ್ಮನಾಗಿದ್ದರೆ, "ನಿಮ್ಮ ಭುಜವೇ ಸೊಟ್ಟ ಮೇಷ್ಟ್ರೇ" ಎಂದು ಮೊದಲು ಜಗಳ ಆಡಿ ಆಮೇಲೆ ನೋಡುತ್ತಿದ್ದಳು. ಈಗ ಅವಳು ಕೋಟನ್ನು ತಿರುಗಿಸಿ ಮುರುಗಿಸಿ ನೋಡಿ, "ಬಿಚ್ಚಿ ಹೊಲಿದುಕೊಡ್ತೀನಿ" ಎಂದು ತಲೆತಗ್ಗಿಸಿದಳು. ಅವಳು ಜಗಳ ಆಡದೆ ಬಿಟ್ಟದ್ದು ಕಂಡಕ್ಟರನ ಎದೆಗೆ ಚುಚ್ಚಿತು. ಅಂದು ಸಂಜೆ ಅವನೇ ಕೂತು ಆ ತೋಳುಗಳ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದ. ಅವಳು ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಹೊಲಿಗೆ ನೆಟ್ಟಗಿರಲಿಲ್ಲ. ಕುಡಿದವನು ನಡೆದುಹೋದ ಹಾಗೆ ಅತ್ತಿತ್ತ ಓಡಾಡಿತ್ತು.

ರಜೆಯ ದಿನ ಮಗಳು ಬಂದಳು. ಅವಳು ಎತ್ತರದ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡುವವಳು. ಯಾವ ವಿಷಯವನ್ನೂ ಸುತ್ತಿ ಬಳಸಿ ಹೇಳುವ ಅಭ್ಯಾಸ ಅವಳಿಗಿಲ್ಲ. ಕೋಟಿನ ಕಥೆ ಕೇಳಿ ಅಪ್ಪನನ್ನು ಬಾಗಿಲ ಹತ್ತಿರಕ್ಕೆ ಕರೆದಳು.

"ಅಪ್ಪ, ಅಮ್ಮಂಗೆ ಮರೆವಿನ ಕಾಯಿಲೆ ಶುರುವಾಗಿದೆ. ಇನ್ನು ಕತ್ತರಿ, ಸೂಜಿ ಎಲ್ಲ ಅವಳ ಕೈಗೆ ಕೊಡೋದು ಬೇಡ. ಮಷಿನ್ ಮಾರಿಬಿಡೋಣ. ನನಗೆ ಗೊತ್ತಿರೋರು ಒಬ್ಬರು ತಗೋತಾರೆ."

"ಮೆಲ್ಲಗೆ ಮಾತಾಡು" ಎಂದ ಕಂಡಕ್ಟರ್, ಅವಳಿಗಿಂತ ಜೋರಾಗಿ.

ಒಳಗಿನಿಂದ ಕಾಜಮ್ಮನ ದನಿ ಬಂತು: "ಮಾರಿಬಿಡಿ. ಕಾಲಿಗೂ ಆಗ್ತಿಲ್ಲ."

ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಗಳು ಆವತ್ತು ಹೊರಡುವ ಮುಂಚೆ ಅಮ್ಮನ ಕತ್ತಿನ ಹತ್ತಿರ ಮುಖವಿಟ್ಟು ಬಹಳ ಹೊತ್ತು ನಿಂತಿದ್ದಳು.

ಅದಾದ ಕೆಲವು ದಿನಗಳಿಗೆ, ಮಧ್ಯಾಹ್ನ, ಕಾಜಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಬಗ್ಗಿದರೆ ಉಸಿರು ಕಟ್ಟುತ್ತದೆ ಎಂದು ಅವಳ ಕಾಲನ್ನು ಈಗೀಗ ಕಂಡಕ್ಟರನೇ ತೊಳೆಯುತ್ತಿದ್ದ. ಬೋಗುಣಿಯಲ್ಲಿ ಬೆಚ್ಚಗಿನ ನೀರು ತಂದು ಅವಳ ಎಡಪಾದವನ್ನು ಅಂಗೈಯಲ್ಲಿ ಎತ್ತಿಕೊಂಡಾಗ ಅವನ ಬೆರಳಿಗೆ ಏನೋ ತಾಗಿತು. ಹಿಮ್ಮಡಿಯಲ್ಲಿ ಒಂದು ಗುಂಡುಸೂಜಿ, ತಲೆಯವರೆಗೂ ಇಳಿದಿತ್ತು.

ಉಗುರಿನಿಂದ ಹಿಡಿದು ಅದನ್ನು ಎಳೆದು ತೆಗೆದ. ಅವಳು ಕಿಟಕಿಯಾಚೆ ನೋಡುತ್ತಲೇ ಇದ್ದಳು.

"ನೋವಾಗ್ಲಿಲ್ವಾ?"

"ಏನು?"

"ಸೂಜಿ ಕಣೇ! ನಿನ್ನ ಕಾಲಲ್ಲಿ ಸೂಜಿ ಇತ್ತು."

ಅವಳು ಅವನ ಬೆರಳುಗಳ ನಡುವಿನ ಸೂಜಿಯನ್ನು ನೋಡಿದಳು, ತನ್ನ ಕಾಲನ್ನು ನೋಡಿದಳು. "ಗೊತ್ತೇ ಆಗ್ಲಿಲ್ಲ. ಕಾಲು ಹತ್ತಿಯ ಮೇಲೆ ಇಟ್ಟ ಹಾಗಿರುತ್ತೆ. ಪೆಡಲ್ ಎಲ್ಲಿದೆ ಅಂತ ಬಗ್ಗಿ ನೋಡ್ಕೊಂಡೇ ತುಳೀತೀನಿ."

"ಯಾವಾಗಿನಿಂದ?"

"ಬಹಳ ದಿನ ಆಯ್ತು."

"ಯಾಕೆ ಹೇಳ್ಲಿಲ್ಲ ನನಗೆ?"

"ನೀವು ಗಾಬರಿ ಬೀಳ್ತೀರಿ ಅಂತ."

ಕಂಡಕ್ಟರ್ ಅವಳ ಪಾದವನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಇನ್ನೊಂದು ಪಾದವನ್ನೂ ಎತ್ತಿ ತಿರುಗಿಸಿ ನೋಡಿದ. ಮರುದಿನ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ.

ರಕ್ತದ ಕಾಯಿಲೆಗಳ ಡಾಕ್ಟರ್ ದಪ್ಪ ಮೈಯವರು. ನೆಗಡಿ ಹಿಡಿದಂಥ ಗೊಗ್ಗರು ದನಿ. ಅವರು ಕಾಜಮ್ಮನ ರೆಪ್ಪೆ ಎಳೆದು ನೋಡಿದರು. ತಟ್ಟಿದರೆ ಕಂಪಿಸುವ ಲೋಹದ ಕವೆಯೊಂದನ್ನು ಅವಳ ಕಾಲಿನ ಹೆಬ್ಬೆರಳಿಗೆ ಒತ್ತಿ, ಏನಾದರೂ ಗೊತ್ತಾಗುತ್ತದೆಯೇ ಎಂದು ಕೇಳಿದರು. ಅವಳು ಇಲ್ಲವೆಂದಳು. "ನಾಲಿಗೆ ಚಾಚಿ" ಎಂದರು. ಅದು ಕೆಂಪಗೆ, ನುಣ್ಣಗೆ, ತೊಳೆದಿಟ್ಟ ಕಲ್ಲಿನ ಹಾಗಿತ್ತು. ಡಾಕ್ಟರ್ ಕಂಡಕ್ಟರನ ಕಡೆ ತಿರುಗಿದರು.

"ಅಡುಗೆ ಯಾರು ಮಾಡೋದು?"

"ಇವಳೇ."

"ರುಚಿ ಹೇಗಿರುತ್ತೆ? ನಿಜ ಹೇಳಿ."

ಕಂಡಕ್ಟರ್ ಹೆಂಡತಿಯ ಕಡೆ ನೋಡಿದ, ಗೋಡೆಯ ಕಡೆ ನೋಡಿದ. ಆದಷ್ಟು ತಗ್ಗಿದ ದನಿಯಲ್ಲಿ, ಅಂದರೆ ಹೊರಗಿನ ಬೆಂಚಿನಲ್ಲಿ ಕೂತಿದ್ದ ಅಷ್ಟೂ ರೋಗಿಗಳಿಗೆ ಕೇಳಿಸುವ ಹಾಗೆ, "ಉಪ್ಪು ಒಂಚೂರು ಜಾಸ್ತಿ ಇರುತ್ತೆ ಡಾಕ್ಟ್ರೇ" ಎಂದ.

ಕಾಜಮ್ಮ ಅವನನ್ನೇ ದಿಟ್ಟಿಸಿದಳು. ಪರೀಕ್ಷೆಗೆ ರಕ್ತ ಕೊಟ್ಟು ಇಬ್ಬರೂ ಹೊರಟರು. ಬಸ್ಸು ಹತ್ತಿ ಕೂತ ಮೇಲೆ ಕೇಳಿದಳು.

"ಒಂಚೂರೋ, ಬಹಳವೋ?"

"ಒಂಚೂರು."

"ರೀ."

"ಬಹಳ."

"ದಿನಾ?"

ಅವನು ಕಿಟಕಿಯ ಸರಳು ಹಿಡಿದುಕೊಂಡ. "ಊರಿಗೆಲ್ಲ ಕೇಳೋ ಹಾಗೆ ಟಿಕೆಟ್ ಟಿಕೆಟ್ ಅಂತ ಕೂಗ್ತಿದ್ರಲ್ಲ, ಉಪ್ಪು ಅಂತ ಎರಡಕ್ಷರ ಹೇಳೋಕೆ ಬಾಯಿ ಬರ್ಲಿಲ್ವಾ ನಿಮಗೆ!" ಎಂದು ಗದರಿದಳು. ಬಹಳ ದಿನಗಳ ಮೇಲೆ ಅವಳು ಗದರಿದ್ದು. ಅವನಿಗೆ ಒಳಗೊಳಗೇ ಖುಷಿಯಾಯಿತು. ತಿರುಗಿ ನೋಡಿದರೆ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಇಳಿಯುವ ಸ್ಟಾಪು ಬರುವವರೆಗೂ ಅವನ ತೋಳನ್ನು ಬಿಡಲಿಲ್ಲ.

ರಕ್ತಪರೀಕ್ಷೆಯ ಫಲಿತಾಂಶ ಕೇಳಲು ಹೋದ ದಿನ ಮಗಳೂ ಕೆಲಸದ ಬಟ್ಟೆಯಲ್ಲೇ ಬಂದಿದ್ದಳು. ಮೊಣಕೈಯವರೆಗೆ ಗ್ರೀಸಿನ ಕಲೆ. ಡಾಕ್ಟರ್ ಮೂವರನ್ನೂ ಕೂರಿಸಿಕೊಂಡು ತಮ್ಮ ಎದೆಯ ನಡುಮೂಳೆಯನ್ನು ಬೆರಳಿನಿಂದ ತಟ್ಟಿದರು.

"ಇಲ್ಲಿ, ಬೆನ್ನುಮೂಳೆಯಲ್ಲಿ, ಸೊಂಟದ ಮೂಳೆಯಲ್ಲಿ, ಒಳಗೆ ಮಜ್ಜೆ ಇರುತ್ತೆ. ರಕ್ತದ ಕೆಂಪು ಕಣ ಹುಟ್ಟೋದು ಅಲ್ಲೇ. ಹುಟ್ಟಿದಾಗ ಅದು ಕೆಂಪಗೇನೂ ಇರಲ್ಲ. ದೊಡ್ಡದಾಗಿರುತ್ತೆ, ಒಳಗೆ ದಪ್ಪ ಕೇಂದ್ರ ಒಂದು ಇರುತ್ತೆ. ಅದು ಒಡೆದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ಒಡೆದ ಹಾಗೆಲ್ಲ ಚಿಕ್ಕದಾಗುತ್ತೆ, ಚಿಕ್ಕದಾಗ್ತಾ ಒಳಗೆ ಕೆಂಪು ತುಂಬ್ಕೊಳ್ಳುತ್ತೆ. ನಾವು ಎಳೆದುಕೊಂಡ ಉಸಿರನ್ನ ಮೈಯೆಲ್ಲ ಹೊತ್ತು ತಿರುಗೋದು ಆ ಕೆಂಪೇ. ಚೆನ್ನಾಗಿ ಬಲಿತ ಮೇಲೆ ಕಣ ತನ್ನ ಕೇಂದ್ರವನ್ನೇ ಹೊರಕ್ಕೆ ತಳ್ಳಿ, ಹಗುರಾಗಿ, ರಕ್ತಕ್ಕೆ ಇಳಿಯುತ್ತೆ."

"ಕೇಂದ್ರ ಕಳ್ಕೊಂಡು ಬದುಕುತ್ತಾ?" ಎಂದಳು ಮಗಳು.

"ಸುಮಾರು ನಾಲ್ಕು ತಿಂಗಳು ಓಡಾಡುತ್ತೆ. ಸವೆದ ಮೇಲೆ ಹೊಟ್ಟೆಯ ಎಡಗಡೆ ಇರೋ ಗುಲ್ಮ ಅದನ್ನ ಹಿಡಿದು ಒಡೆದು, ಒಳಗಿನ ಕಬ್ಬಿಣವನ್ನ ಮಜ್ಜೆಗೆ ವಾಪಸ್ ಕಳಿಸುತ್ತೆ, ಹೊಸದಕ್ಕೆ."

"ನಮ್ಮ ಡಿಪೋದಲ್ಲೂ ಹಳೇ ಬಸ್ಸಿನ ನಟ್ಟು ಬೋಲ್ಟು ಹೀಗೇ ಬಿಚ್ತಿದ್ರು" ಎಂದ ಕಂಡಕ್ಟರ್. ಕಾಜಮ್ಮ ಅವನ ಮೊಣಕಾಲಿಗೆ ಚಿವುಟಿದಳು.

ಡಾಕ್ಟರ್ ನಕ್ಕು ಮುಂದುವರಿಸಿದರು. "ಕಣ ಒಡೆಯೋದಕ್ಕೆ ಒಂದು ಜೀವಸತ್ವ ಬೇಕು, ಬಿ-ಟ್ವೆಲ್ವ್ ಅಂತ. ಇವರಲ್ಲಿ ಅದು ತಳ ಮುಟ್ಟಿದೆ. ಹಾಗಾಗಿ ಕಣ ಮೈ ಬೆಳೆಸುತ್ತೆ, ಕೇಂದ್ರ ಬಲಿಯಲ್ಲ. ದೊಡ್ಡದಾಗಿ ಊದಿಕೊಂಡು ಮಜ್ಜೆಯೊಳಗೇ ಸಾಯುತ್ತೆ. ಸತ್ತದ್ದರ ಬಣ್ಣವೇ ಈ ಹಳದಿ. ಕಾಲು ಜೋಮು ಹಿಡಿಯೋದೂ, ನಾಲಿಗೆ ಕೆಡೋದೂ ಅದೇ ಕೊರತೆಯಿಂದ. ಕಬ್ಬಿಣದ ಮಾತ್ರೆ ಎಷ್ಟು ನುಂಗಿದರೂ ಇದಕ್ಕೆ ನಾಟಲ್ಲ."

ಕಂಡಕ್ಟರನ ಮುಖ ಸಣ್ಣದಾಯಿತು. "ನಾನು ಇವಳ ಊಟ ತಿಂಡಿ ಸರಿಯಾಗಿ ನೋಡ್ಕೊಳ್ಲಿಲ್ವಾ ಡಾಕ್ಟ್ರೇ?"

"ತಿಂದದ್ದರಲ್ಲಿ ಬೇಕಾದಷ್ಟು ಇತ್ತು. ಹೊಟ್ಟೆಯಲ್ಲಿ ಒಂದು ವಸ್ತು ಊರುತ್ತೆ, ಅದರ ಜೊತೆ ಹೋದರೆ ಮಾತ್ರ ಈ ಜೀವಸತ್ವವನ್ನ ಕರುಳು ಒಳಗೆ ಬಿಟ್ಕೊಳ್ಳೋದು. ಇವರ ಹೊಟ್ಟೆ ಅದನ್ನ ಮಾಡೋದು ನಿಲ್ಲಿಸಿದೆ. ಯಾರ ತಪ್ಪೂ ಅಲ್ಲ."

"ಟಿಕೆಟ್ ಇಲ್ಲದೆ ಹತ್ತಿಸ್ಕೊಳ್ಳಲ್ಲ ಅನ್ನಿ."

"ಹೂಂ. ಅದಕ್ಕೇ ಇಂಜೆಕ್ಷನ್ ಕೊಟ್ಟು ಕಿಟಕಿಯಿಂದ ಹತ್ತಿಸೋಣ."

ಮಗಳು ಮಾತ್ರ ನಗಲಿಲ್ಲ. "ಮರೆವು?" ಎಂದಳು. ಗ್ರೀಸಿನ ಕೈಗಳನ್ನು ಒಂದರೊಳಗೊಂದು ಹಿಸುಕಿಕೊಳ್ಳುತ್ತಿದ್ದಳು.

"ಬಹುಪಾಲು ಇದರದ್ದೇ. ಕಡಿಮೆಯಾಗುತ್ತೆ ಅಂತಲೇ ನನ್ನ ಅಂದಾಜು. ಕಾಲಿನದು ಮಾತ್ರ ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲಾರೆ. ನರಕ್ಕೆ ಆದ ಪೆಟ್ಟು ನಿಧಾನ."

ಆ ಸಂಜೆಯೇ ಮಗಳು ಮಷಿನ್ ಕೊಳ್ಳುವವರಿಗೆ ಫೋನ್ ಮಾಡಿ ಬೇಡವೆಂದಳು.

ಮೊದಲ ಕೆಲವು ಇಂಜೆಕ್ಷನ್ನುಗಳಿಗೆ ಏನೂ ಆದಂತೆ ಕಾಣಲಿಲ್ಲ. ಕಂಡಕ್ಟರ್ ಬೆಳಿಗ್ಗೆ ಎದ್ದವನೇ ಅವಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಕೆನ್ನೆ ನೋಡುತ್ತಿದ್ದ. "ನನ್ನ ಮುಖ ಏನು ಹರಾಜಿಗಿದೆಯಾ?" ಎನ್ನುವಳು. ಅಡುಗೆ ಈಗ ಅವನದು. ಅವನ ಅಡುಗೆಯಲ್ಲಿ ಉಪ್ಪು ಹದವಾಗಿದ್ದು, ಉಳಿದದ್ದೆಲ್ಲ ಕೆಟ್ಟಿರುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ, ಅವನು ಹೊಸ್ತಿಲಲ್ಲಿ ಹಾಲಿನ ಪಾತ್ರೆ ಹಿಡಿದು ನಿಂತಿದ್ದಾಗ, ಅವಳು ಹಾಸಿಗೆಯಿಂದಲೇ ಕೂಗಿದಳು:

"ರೀ, ಹೊಟ್ಟೆ ಹಸೀತಿದೆ. ನಿನ್ನೆದು ಏನಾದ್ರೂ ಉಳಿದಿದೆಯಾ?"

ತಿಂಗಳುಗಳಿಂದ ಅವಳು ಹಸಿವು ಎಂಬ ಮಾತನ್ನೇ ಆಡಿರಲಿಲ್ಲ. ಅವನು ಹಾಲನ್ನು ಅಲ್ಲೇ ಕೆಳಗಿಟ್ಟು ಓಡಿದ.

ವಾರ ಕಳೆಯುವಷ್ಟರಲ್ಲಿ ಮತ್ತೊಮ್ಮೆ ರಕ್ತ ತೆಗೆಯಿಸಲು ಹೋದರು. ಲ್ಯಾಬಿನ ಹುಡುಗಿ ಮಾತುಗಾತಿ. ಕಾಜಮ್ಮ ಅವಳ ಬಿಳಿ ಕೋಟಿನ ಜೇಬು ಹರಿದಿದ್ದನ್ನು ನೋಡಿ, ಬಿಚ್ಚಿಸಿ, ಅಲ್ಲೇ ಕೂತು ನಾಲ್ಕು ಹೊಲಿಗೆ ಹಾಕಿಕೊಟ್ಟಳು. ಹೊಲಿಗೆ ನೆಟ್ಟಗೆ ಬಂದಿತ್ತು. ಕಂಡಕ್ಟರ್ ಬಗ್ಗಿ ಅದನ್ನೇ ನೋಡಿದ. ಸ್ವಲ್ಪ ಹೊತ್ತಿನ ನಂತರ ಹುಡುಗಿ ಒಳಗಿನಿಂದ ಕತ್ತು ಚಾಚಿದಳು.

"ಅಮ್ಮಾ, ಬನ್ನಿ ಇಲ್ಲಿ. ನಿಮ್ಮ ಹೊಸ ಕಣಗಳನ್ನ ತೋರಿಸ್ತೀನಿ."

ಕಾಜಮ್ಮ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ತೆಳ್ಳಗಿನ, ದುಂಡನೆಯ ಬಿಲ್ಲೆಗಳು ತುಂಬಾ ಇದ್ದವು. ಅವುಗಳಲ್ಲಿ ಕೆಲವುಗಳ ಒಳಗೆ ಕಡುನೀಲಿಯ ಸಣ್ಣ ಸಣ್ಣ ಎಳೆಗಳು, ಚುಕ್ಕಿಗಳು, ಬಲೆಯ ಹಾಗೆ ಹರಡಿದ್ದವು.

"ಈ ನೀಲಿ ನೂಲು ಏನಮ್ಮ?"

"ಆ ನೂಲು ಇರೋವೇ ಎಳೆಯ ಕಣಗಳು. ನಿನ್ನೆಯೋ ಇವತ್ತೋ ಮಜ್ಜೆ ಬಿಟ್ಟು ಬಂದಿರೋದು. ಕೇಂದ್ರ ಹೋಗಿದೆ, ಆದರೆ ಕೆಂಪು ತಯಾರು ಮಾಡ್ತಿದ್ದ ಸಾಮಾನು ಒಳಗೆ ಇನ್ನೂ ಒಂಚೂರು ಉಳಿದಿದೆ. ಬಣ್ಣ ಹಾಕಿದ್ರೆ ಹೀಗೆ ನೀಲಿಯಾಗಿ ಕಾಣುತ್ತೆ. ಒಂದೆರಡು ದಿನ ರಕ್ತದಲ್ಲಿ ಓಡಾಡಿದ್ರೆ ಅದೂ ಹೋಗಿ ಪೂರ್ತಿ ಬಲಿಯುತ್ತೆ. ಮೊದಲ ಸಲ ನೋಡಿದಾಗ ಹುಡುಕಿದ್ರೂ ಸಿಕ್ಕಿರ್ಲಿಲ್ಲ. ಇವತ್ತು ನೋಡಿ, ಎಲ್ಲಿ ನೋಡಿದ್ರೂ ಇವೇ!"

"ನೂಲು ಕತ್ತರಿಸೋದು ಮರೆತ ಹಾಗಿದೆ" ಎಂದು ಕಾಜಮ್ಮ ನಕ್ಕಳು. ಕಣ್ಣು ತೆಗೆಯಲು ಅವಳಿಗೆ ಮನಸ್ಸಿರಲಿಲ್ಲ. "ಇಷ್ಟೊಂದಾ? ಎಲ್ಲಾ ನನ್ನವೇನಾ?"

"ನಿಮ್ಮವೇ. ಇನ್ಯಾರವು?"

ಕಂಡಕ್ಟರನೂ ಬಗ್ಗಿ ನೋಡಿದ. ಅವನಿಗೆ ಕಂಡದ್ದು ತನ್ನದೇ ರೆಪ್ಪೆಯ ಕೂದಲು. ಎರಡನೆಯ ಸಲವೂ ಅದೇ. "ಬಹಳ ಚೆನ್ನಾಗಿವೆ" ಎಂದು ಗಟ್ಟಿಯಾಗಿ ಹೇಳಿ ನೆಟ್ಟಗಾದ. ಹುಡುಗಿ ಬೆನ್ನು ತಿರುಗಿಸಿ ನಕ್ಕಳು. ಅವನಿಗೆ ಕಾಣದಿದ್ದರೂ ಚಿಂತೆಯಿರಲಿಲ್ಲ. ಮೈಕ್ರೋಸ್ಕೋಪಿನಿಂದ ತಲೆಯೆತ್ತಿದ ಹೆಂಡತಿಯ ಮುಖ ಅವನಿಗೆ ಚೆನ್ನಾಗಿಯೇ ಕಂಡಿತ್ತು.

ರಕ್ತ ತುಂಬಿಕೊಂಡಷ್ಟು ಬೇಗ ಕಾಲು ಸುಧಾರಿಸಲಿಲ್ಲ. ಕೈಗೆ ಕೆಲಸದ ಹಸಿವು ಬಂದಿತ್ತು, ಕಾಲಿಗೆ ಪೆಡಲಿನ ಅರಿವಿರಲಿಲ್ಲ. ಕೊನೆಗೆ ಕಂಡಕ್ಟರನೇ ಒಂದು ಮೋಟು ಸ್ಟೂಲ್ ಹಾಕಿಕೊಂಡು ಅವಳ ಪಕ್ಕ ಕೂತ. ಪೆಡಲ್ ಅವನ ಕಾಲಿಗೆ, ಬಟ್ಟೆ ಅವಳ ಕೈಗೆ.

"ಹೋಲ್ಡಾನ್!" ಎನ್ನುವಳು ಕಾಜಮ್ಮ, ತಿರುವು ಬಂದಾಗ. ಅವನು ನಿಲ್ಲಿಸಬೇಕು. "ರೈಟ್ ರೈಟ್!" ಎಂದರೆ ತುಳಿಯಬೇಕು. ಕೇಳಿದವರೆಲ್ಲ ಅಂಗಡಿಗೆ ಇಣುಕಿ ನಕ್ಕು ಹೋಗುತ್ತಿದ್ದರು.

"ಇಷ್ಟು ವರ್ಷ ಡ್ರೈವರ್‌ಗೆ ಹೀಗೇ ಕಾಟ ಕೊಟ್ಟಿರ್ತೀರಿ ನೀವು" ಎಂದಳು ಒಮ್ಮೆ.

"ಡ್ರೈವರ್‌ಗೆ ಸಂಬಳ ಇತ್ತು."

ಮೇಷ್ಟ್ರ ಕೋಟು ಹಾಗೆಯೇ ಮುಗಿಯಿತು. ಹಾಕಿ ನೋಡಿದ ಮೇಷ್ಟ್ರು ಭುಜದ ಹತ್ತಿರ ಒಂದಿಷ್ಟು ಬಿಗಿ ಎಂದರು. "ಬಿಗಿ ಕೋಟಲ್ಲಿಲ್ಲ, ನೀವು ದಪ್ಪಗಾಗಿದ್ದೀರಿ" ಎಂದು ಕಾಜಮ್ಮ ಸೊಂಟಕ್ಕೆ ಕೈಯಿಟ್ಟು ವಾದಕ್ಕೆ ನಿಂತಳು. ಒಳಗೆ ಇಸ್ತ್ರಿ ಮಾಡುತ್ತಿದ್ದ ಕಂಡಕ್ಟರ್ ಪೆಟ್ಟಿಗೆಯನ್ನು ಕೆಳಗಿಟ್ಟು ಆ ಜಗಳವನ್ನು ಕೊನೆಯವರೆಗೂ ಕೇಳಿದ.

ಬಲಗಾಲಿಗೆ ಮೆಲ್ಲಮೆಲ್ಲನೆ ನೆಲದ ತಂಪು ಗೊತ್ತಾಗತೊಡಗಿತು. ಎಡಗಾಲು ಅರ್ಧ ಮಾತ್ರ ಮರಳಿತು, ಅಷ್ಟಕ್ಕೇ ನಿಂತಿತು. ಡಾಕ್ಟರ್ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದರು, ಅವಳೂ ಹಾಗೆಯೇ ಒಪ್ಪಿಕೊಂಡಳು. ಮಗಳು ಒಂದು ರಜೆಯ ದಿನ ಮಷಿನ್ನಿಗೆ ಸಣ್ಣ ಮೋಟಾರು ಜೋಡಿಸಿ, ಅದರ ಸ್ವಿಚ್ಚನ್ನು ಬಲಗಾಲಿನ ಕಡೆಗೆ ಇಟ್ಟುಕೊಟ್ಟಳು. "ಕಾಯಿಲೆ ಅಂತ ಹೆದರಿ ಏನೇನೋ ಅಂದುಬಿಟ್ಟೆ ಅಮ್ಮ" ಎಂದಳು, ಸ್ಕ್ರೂ ತಿರುಗಿಸುತ್ತಾ, ತಲೆಯೆತ್ತದೆ. "ನೀನು ಹೆದರದೆ ಇನ್ಯಾರು ಹೆದರ್ತಾರೆ? ಆ ತಂತಿ ಒಳಗೆ ಸೇರಿಸು, ಬಟ್ಟೆಗೆ ಸಿಕ್ಕುತ್ತೆ" ಎಂದಳು ಕಾಜಮ್ಮ. ತಿಂಗಳಿಗೊಂದು ಇಂಜೆಕ್ಷನ್ ಅವಳಿಗೆ ಜೀವನಪರ್ಯಂತ ಇದ್ದದ್ದೇ. ಅಂದು ಕಂಡಕ್ಟರ್ ತಪ್ಪದೆ ಜೊತೆಗೆ ಹೋಗುತ್ತಾನೆ. ಸೂಜಿ ಚುಚ್ಚುವಾಗ ಅವಳು ನರ್ಸಿನ ಜೊತೆ ಮಾತಾಡುತ್ತಿರುತ್ತಾಳೆ, ಕಣ್ಣು ಮುಚ್ಚಿಕೊಳ್ಳುವವನು ಅವನು.

ಚಳಿ ಶುರುವಾಗುವ ಹೊತ್ತಿಗೆ ಒಂದು ಸಂಜೆ, ಗಿರಾಕಿಗಳೆಲ್ಲ ಹೋದ ಮೇಲೆ, ಕಾಜಮ್ಮ ಬೂದುಬಣ್ಣದ ದಪ್ಪ ಬಟ್ಟೆಯೊಂದನ್ನು ಮೇಜಿನ ಮೇಲೆ ಹರಡಿದಳು.

"ಯಾರದ್ದು?" ಎಂದ ಕಂಡಕ್ಟರ್.

"ಬನ್ನಿ, ನಿಂತ್ಕೊಳ್ಳಿ. ಊರಿಗೆಲ್ಲ ಕೋಟು ಹೊಲಿದೆ. ನೀವು ಯೂನಿಫಾರ್ಮಿನಲ್ಲೇ ಆಯಸ್ಸು ಕಳೆದ್ರಿ ಅಂತ ನಿಮಗೊಂದು ಹೊಲಿಯೋದು ಹೊಳೀಲೇ ಇಲ್ಲ ನೋಡಿ."

ಅವನು ಕೈಗಳನ್ನು ಅಗಲಿಸಿ ನಿಂತ. ಅವಳು ಟೇಪನ್ನು ಅವನ ಬೆನ್ನ ಹಿಂದಿನಿಂದ ತಂದು ಎದೆಯ ಮೇಲೆ ಕೂಡಿಸಿದಳು. ಅವಳ ಬೆರಳುಗಳು ಬೆಚ್ಚಗಿದ್ದವು. ಉಗುರಿನ ಬುಡ ನಸುಗೆಂಪಗಿತ್ತು. ಅವನು ಅದನ್ನೇ ನೋಡುತ್ತಾ ಉಸಿರು ಬಿಗಿಹಿಡಿದಿದ್ದ.

"ಹೊಟ್ಟೆ ಒಳಗೆ ಎಳ್ಕೋಬೇಡಿ. ಆಮೇಲೆ ಗುಂಡಿ ಹಾಕೋಕೆ ಆಗಲ್ಲ" ಎಂದಳು. "ಉಸಿರಾಡಿ, ಸರಿಯಾಗಿ ಉಸಿರಾಡಿ."

ಅವನು ಉಸಿರು ಬಿಟ್ಟ. ಅವಳು ಟೇಪನ್ನು ಒಂದು ಬೆರಳಗಲ ಸಡಿಲಿಸಿ ಅಳತೆ ಹಿಡಿದಳು.